78 ಅಂದ್ರೆ ಏನು?

ರಾತ್ರಿ ಒಂಬತ್ತೂವರೆಗೆ ಲ್ಯಾಬ್‌ನವರು ವಾಟ್ಸಾಪ್‌ನಲ್ಲಿ ಅಕ್ಕನ ರಿಪೋರ್ಟ್ ಕಳಿಸಿದ್ರು. ಸಿಎ-125: 78. ಪಕ್ಕದಲ್ಲಿ, 35ಕ್ಕಿಂತ ಕಡಿಮೆ ಇರಬೇಕು ಅಂತ ಇತ್ತು. ಗೂಗಲ್ ಮಾಡಿದೆ. ಮೊದಲ ಸಾಲಲ್ಲೇ ‘ಅಂಡಾಶಯದ ಕ್ಯಾನ್ಸರ್’. ಫೋನ್ ಮಗುಚಿಟ್ಟೆ. ಊಟಕ್ಕೆ ಬಡಿಸುತ್ತಿದ್ದ ಅಕ್ಕ “ಬಂತೇನೋ?” ಅಂದಳು. “ಇನ್ನೂ ಇಲ್ಲ ಕಣೇ” ಅಂದೆ.

ಮರುದಿನ ಡಾಕ್ಟರ್ ನಿಧಾನವಾಗಿ ಬಿಡಿಸಿ ಹೇಳಿದರು. ಸಿಎ-125 ಅನ್ನೋದು ಮಕ್16 ಎಂಬ ದೊಡ್ಡ ಪ್ರೋಟೀನಿನ ತುಣುಕು. ಅದು ಜೀವಕೋಶದ ಮೈಮೇಲೆ ಸಕ್ಕರೆಯ ಸರಗಳನ್ನು ಹೊತ್ತು ನಿಂತು ಪಸೆ ಕಾಪಾಡುತ್ತೆ, ರೋಗಾಣುಗಳು ಅಂಟದ ಹಾಗೆ ನೋಡಿಕೊಳ್ಳುತ್ತೆ. ನಮ್ಮ ಕಣ್ಣಿನ ಮೇಲ್ಪದರದಲ್ಲೂ ಇದೆ. ಹೊಟ್ಟೆಯ ಒಳಪೊರೆ ಕೆರಳಿದಾಗ ಕಳಚಿಕೊಂಡು ರಕ್ತಕ್ಕೂ ಸೇರುತ್ತೆ. ಮುಟ್ಟು, ಬಸಿರು, ಫೈಬ್ರಾಯ್ಡ್, ಎಂಡೋಮೆಟ್ರಿಯೋಸಿಸ್, ಯಾವುದರಲ್ಲೂ ಏರಬಹುದು. ಕ್ಯಾನ್ಸರ್ ಕೋಶಗಳೂ ಇದೇ ಹೊದಿಕೆ ಹೊದ್ದು ರೋಗನಿರೋಧಕ ಕೋಶಗಳ ಕೈಗೆ ಸಿಗದೆ ತಪ್ಪಿಸಿಕೊಳ್ಳುತ್ತವೆ. ಆದರೆ ಶುರುವಿನ ಹಂತದಲ್ಲಿ ಸುಮಾರು ಅರ್ಧ ಜನಕ್ಕೆ ಈ ಅಂಕಿ ಏರೋದೇ ಇಲ್ಲ. ಹಾಗಾಗಿ ಇದೊಂದನ್ನೇ ನಂಬಿ ಹೆದರೋ ಹಾಗೂ ಇಲ್ಲ, ನಿಶ್ಚಿಂತೆಯಿಂದ ಇರೋ ಹಾಗೂ ಇಲ್ಲ. ಸ್ಕ್ಯಾನ್, ವಯಸ್ಸು, ಲಕ್ಷಣ ಎಲ್ಲ ಸೇರಿಸಿ ನೋಡಬೇಕು.

ಅಕ್ಕನಿಗೆ ಇದ್ದದ್ದು ಎಂಡೋಮೆಟ್ರಿಯೋಸಿಸ್. ಹತ್ತು ವರ್ಷದಿಂದ ತಿಂಗಳಿಗೆ ಮೂರು ದಿನ ಅವಳು ಮುದುಡಿ ಮಲಗೋದನ್ನ “ಎಲ್ಲ ಹೆಂಗಸರಿಗೂ ಇದ್ದದ್ದೇ” ಅಂತ ಮನೆಯವರೆಲ್ಲ ತಳ್ಳಿಹಾಕಿದ್ವಿ. ನಾನೂ ಸೇರಿ.

ವಾಪಸ್ ಬರುವಾಗ ಆಟೋದಲ್ಲಿ “ರಿಪೋರ್ಟ್ ನಿನ್ನೆ ರಾತ್ರೀನೇ ಬಂದಿತ್ತು ಕಣೇ” ಅಂದೆ.

“ಗೊತ್ತು. ಊಟ ಆದ್ಮೇಲೆ ನನ್ನ ಮೇಲ್‌ಗೂ ಬಂತು. ನೀನು ಹೆದರ್ತೀಯ ಅಂತ ಸುಮ್ನಿದ್ದೆ” ಅಂದಳು.