ಚೀನಾದಲ್ಲಿ ತೆಗೆದ ಫೋಟೋಗಳೂ, ಅಪ್ಪ ಕೇಳಿದ ಪ್ರಶ್ನೆಗಳೂ

ಚೀನಾಕ್ಕೆ ಹೋಗಿ ಬಂದೆ ಅಂದ ತಕ್ಷಣ ಎಲ್ಲರೂ ಕೇಳೋದು ಎರಡೇ ಪ್ರಶ್ನೆ. ಹಾವು ತಿಂದ್ಯಾ? ಅಲ್ಲಿ ಮೊಬೈಲ್ ಅಗ್ಗನಾ? ಎರಡಕ್ಕೂ ನನ್ನ ಉತ್ತರ ಇಲ್ಲ ಅಂತಲೇ. ಹಾಗಾದ್ರೆ ಅಲ್ಲಿ ಹೋಗಿ ಮಾಡಿದ್ದೇನು ಅಂದ್ರೆ.... ಕೆಲಸ ಮುಗಿದ ಮೇಲೆ ಬೀದಿ ಸುತ್ತಿದ್ದು, ಜನರ ಫೋಟೋ ತೆಗೆದಿದ್ದು, ಅಷ್ಟೇ.

2025ರ ಸೆಪ್ಟೆಂಬರ್ ಮೊದಲ ಎರಡು ವಾರ ಆಫೀಸ್ ಕೆಲಸದ ಮೇಲೆ ಶೆನ್‌ಜೆನ್‌ನಲ್ಲಿದ್ದೆ. ನಾವು ಬರೆಯೋ ಸಾಫ್ಟ್‌ವೇರ್ ಹೋಗಿ ಕೂರುವ ಡಬ್ಬಿ ತಯಾರಾಗೋದು ಅಲ್ಲಿ. ಭಾರತದಿಂದ ಚೀನಾಕ್ಕೆ 2020ರಲ್ಲಿ ನಿಂತುಹೋಗಿದ್ದ ನೇರ ವಿಮಾನ ಮತ್ತೆ ಶುರುವಾಗಿದ್ದು ನಾನು ಬಂದ ಮುಂದಿನ ತಿಂಗಳು, ನನ್ನ ಅದೃಷ್ಟ ನೋಡಿ! ಹಾಗಾಗಿ ಹಾಂಕಾಂಗ್‌ನಲ್ಲಿ ಇಳಿದು ಅಲ್ಲಿಂದ ಬುಲೆಟ್ ರೈಲು. ವೆಸ್ಟ್ ಕೌಲೂನ್‌ನಿಂದ ಶೆನ್‌ಜೆನ್‌ನ ಫೂಟಿಯೆನ್ ಸ್ಟೇಷನ್ನಿಗೆ ಬರೀ ಕಾಲು ಗಂಟೆ. ಸಂಜೆ ಹೊತ್ತು ಮಾಗಡಿ ರೋಡಿನಲ್ಲಿ ಕಾಮಾಕ್ಷಿಪಾಳ್ಯದಿಂದ ಮೆಜೆಸ್ಟಿಕ್‌ಗೆ.... ಬಿಡಿ.

1980ರಲ್ಲಿ ವಿಶೇಷ ಆರ್ಥಿಕ ವಲಯ ಅಂತ ಮಾಡಿದ ಮೇಲೆ ಬೆಳೆದ ಊರದು. ಗಗನಚುಂಬಿ ಕಟ್ಟಡಗಳ ಫೋಟೋ ನೀವೆಲ್ಲ ನೋಡಿರ್ತೀರಿ, ಅದನ್ನು ನಾನೂ ತೆಗೆದು ಬೋರ್ ಹೊಡೆಸಲ್ಲ. ನನ್ನ ಹೋಟೆಲ್ ಇದ್ದದ್ದು ಬಾವೊಆನ್ ಕಡೆ, ಫ್ಯಾಕ್ಟರಿಗಳ ಏರಿಯಾ. ಹಿಂದುಗಡೆ ಒಂದು ಹಳ್ಳಿ. ಹಳ್ಳಿ ಅಂದ್ರೆ ಹೊಲಗದ್ದೆ ಅಲ್ಲ. ಸಿಟಿ ಬೆಳೆದು ಹೊಲ ನುಂಗಿದಾಗ ಊರಿನವರು ಉಳಿದ ಸೈಟಿನಲ್ಲೇ ಆರೇಳು ಮಹಡಿ ಎಬ್ಬಿಸಿ, ಹೊರಗಿನಿಂದ ಬಂದ ಕೂಲಿಯವರಿಗೆ ಬಾಡಿಗೆ ಕೊಟ್ಟ ಗಲ್ಲಿಗಳು. ಅಂಥ ಕಟ್ಟಡಕ್ಕೆ ಅವರು ಇಟ್ಟ ಹೆಸರು ‘ಕೈಕುಲುಕುವ ಕಟ್ಟಡ’. ಎದುರು ಮನೆ ಕಿಟಕಿಗೆ ಕೈ ಚಾಚಿದ್ರೆ ಸಿಗುತ್ತಲ್ಲ, ಅದಕ್ಕೆ! ನಮ್ಮ ರೋಡಲ್ಲೂ ಮನೆಗಳು ಅಷ್ಟೇ ಹತ್ತಿರ, ಆದ್ರೆ ನಮ್ಮವರು ಕೈಕುಲುಕೋದಕ್ಕಿಂತ ಜಗಳ ಆಡೋದೇ ಜಾಸ್ತಿ :-)

ಅಲ್ಲಿ ನಾನು ಮೊದಲು ಕಲಿತದ್ದು "ಖ ಯಿ ಫಾಯ್ ಮಾ?" ಅನ್ನೋ ಮಾತು. ತೆಗೀಬಹುದಾ ಅಂತ ಅರ್ಥ. ಕ್ಯಾಮೆರಾ ಸ್ವಲ್ಪ ಎತ್ತಿ ಹಿಡಿದು ಇದನ್ನು ಹೇಳಿದ್ರೆ ಅರ್ಧ ಜನ ನಗ್ತಾರೆ, ಇನ್ನರ್ಧ ಜನ ಕೈ ಅಲ್ಲಾಡಿಸ್ತಾರೆ. ಕೈ ಅಲ್ಲಾಡಿಸಿದ್ರೆ ಮುಗೀತು, ಮುಂದೆ ನಡೆಯೋದು. 2021ರಿಂದ ಜಾರಿಯಲ್ಲಿರೋ ಅವರ ಸಿವಿಲ್ ಕೋಡ್‌ನಲ್ಲಿ ಒಬ್ಬರ ಮುಖದ ಚಿತ್ರದ ಮೇಲೆ ಅವರಿಗೇ ಹಕ್ಕು ಅಂತ ಪ್ರತ್ಯೇಕವಾಗಿ ಬರೆದಿದೆ. ನಮ್ಮಲ್ಲಿ ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರ ಕೇಸಿನಲ್ಲಿ. ಆದ್ರೂ 2025ರ ಮೇ ತಿಂಗಳಲ್ಲಿ ನಮ್ಮ ಮೆಟ್ರೋದಲ್ಲಿ ಹೆಣ್ಣುಮಕ್ಕಳ ವಿಡಿಯೋ ಕದ್ದು ತೆಗೆದು ಇನ್‌ಸ್ಟಾಗ್ರಾಂಗೆ ಹಾಕ್ತಿದ್ದವನ ಸುದ್ದಿ ಓದಿದಾಗ, ಕ್ಯಾಮೆರಾ ಹಿಡಿದು ಓಡಾಡೋಕೇ ನಾಚಿಕೆ ಆಗಿತ್ತು.

ನನಗೆ ಇಷ್ಟ ಆಗಿದ್ದು ಅಲ್ಲಿನ ಮಧ್ಯಾಹ್ನ. ಊಟ ಆದ ಮೇಲೆ ಇಡೀ ಆಫೀಸಿನ ಲೈಟ್ ಆರಿಸಿ, ಮಡಿಚೋ ಮಂಚ ಬಿಚ್ಚಿ ಮಲಗಿಬಿಡ್ತಾರೆ, ಮ್ಯಾನೇಜರ್ ಸಮೇತ! ಹೊರಗೆ ಊಟ ಡೆಲಿವರಿ ಮಾಡೋ ಹುಡುಗರು ಸ್ಕೂಟರಿನ ಮೇಲೆ ಅಂಗಾತ ಮಲಗಿ, ಹ್ಯಾಂಡಲ್ ಮೇಲೆ ಕಾಲು ಹಾಕಿ ನಿದ್ದೆ. ಅವರದ್ದು ಒಂದೇ ಒಂದು ಫೋಟೋ ತೆಗೆದೆ, ಮುಖ ಕಾಣದ ಹಾಗೆ, ಚಪ್ಪಲಿ ಮತ್ತು ಹೆಲ್ಮೆಟ್ ಮಾತ್ರ. ಮಲಗಿದವರನ್ನು ಕೇಳೋದು ಹೇಗೆ? ಸಂಜೆ ಅಜ್ಜಿಯರ ಗುಂಪು ಸ್ಪೀಕರ್ ಇಟ್ಕೊಂಡು ಮೈದಾನದಲ್ಲಿ ಡ್ಯಾನ್ಸ್ ಮಾಡುತ್ತೆ. ಅವರನ್ನು ಕೇಳೋದೇ ಬೇಡ, ಅವರೇ ನನ್ನನ್ನು ಎಳೆದು ನಿಲ್ಲಿಸಿ ತಮ್ಮ ಮೊಬೈಲಿನಲ್ಲಿ ಹತ್ತು ಫೋಟೋ ತೆಗೆದ್ರು.

ಹೊರಡೋ ಹಿಂದಿನ ದಿನ ಸಂಜೆ ಗಲ್ಲಿಯಲ್ಲಿ ನಡೀತಿದ್ದಾಗ ಕಟಿಂಗ್ ಆಯಿಲ್ ವಾಸನೆ ಬಂತು. ನೋಡದೇ ಹೇಳಬಲ್ಲೆ, ಒಳಗೆ ಲೇತ್ ಇದೆ ಅಂತ. ಆ ವಾಸನೆಯಲ್ಲೇ ಬೆಳೆದವನು ನಾನು. ಶಟರ್ ಅರ್ಧ ಎತ್ತಿತ್ತು. ಐವತ್ತೈದು ದಾಟಿರಬಹುದಾದ ಯಜಮಾನರು, ತೋಳಿಗೆ ಬಟ್ಟೆಯ ಕವರ್, ಗಾಜಿನ ಬಾಟಲಿಯಲ್ಲಿ ಎಲೆ ತೇಲೋ ಚಹಾ. ಪಕ್ಕದ ಸ್ಟೂಲಿನ ಮೇಲೆ ಒಬ್ಬ ಹುಡುಗ, ಮೊಮ್ಮಗ ಇರಬೇಕು, ಹೋಂವರ್ಕ್ ಬರೀತಿದ್ದ. ಕೇಳ್ದೆ. ಇಂಡಿಯಾ ಅಂದೆ. "ಅಮೀರ್ ಖಾನ್!" ಅಂದ್ರು. 2017ರಲ್ಲಿ ಅಲ್ಲಿ ದಂಗಲ್ ಭಯಂಕರ ಓಡಿತ್ತಲ್ಲ, ಅದಕ್ಕೆ ಅವರಿಟ್ಟ ಹೆಸರು ‘ಕುಸ್ತಿ ಆಡೋಣ, ಅಪ್ಪಾ’ ಅಂತ. ನಾಲ್ಕು ಫೋಟೋ ತೆಗೆದೆ. ನನಗೂ ಕಳಿಸು ಅಂತ ಅವರು ವೀಚಾಟ್ ಕ್ಯೂಆರ್ ತೋರಿಸಿದ್ರು, ಸ್ಕ್ಯಾನ್ ಮಾಡ್ದೆ. ಫೋಟೋ ಕ್ಯಾಮೆರಾದಲ್ಲಿದೆ, ಆಮೇಲೆ ಕಳಿಸ್ತೀನಿ ಅಂತ ಟ್ರಾನ್ಸ್‌ಲೇಟರಿನಲ್ಲಿ ತೋರಿಸ್ದೆ.

ನಮ್ಮ ಸರ್ಕಾರ 2020ರ ಜೂನ್ 29ರಂದು ನಿಷೇಧಿಸಿದ 59 ಆ್ಯಪ್‌ಗಳಲ್ಲಿ ವೀಚಾಟ್ ಕೂಡ ಒಂದು. ಅಲ್ಲಿನ ಸಿಮ್ ಇದ್ದಷ್ಟು ದಿನ ನಡೀತು, ಸಿಮ್ ಮುಗೀತು, ಅಕೌಂಟ್ ಲಾಗೌಟ್ ಆಯ್ತು. ಸುತ್ತುದಾರಿ ಇದೆಯಲ್ಲ ಅಂತೀರಿ. ಇದೆ, ಆದ್ರೆ ಓಟಿಪಿ ಬರೋದು ಆ ಸತ್ತ ನಂಬರಿಗೆ!

ಮನೆಗೆ ಬಂದ ಭಾನುವಾರ ಅಪ್ಪನಿಗೆ ಲ್ಯಾಪ್‌ಟಾಪಿನಲ್ಲಿ ಫೋಟೋ ತೋರಿಸ್ತಿದ್ದೆ. ಅಪ್ಪನದು ಕಾಮಾಕ್ಷಿಪಾಳ್ಯದಲ್ಲಿ ಬಾಡಿಗೆ ಶೆಡ್ಡು, ಎರಡು ಲೇತು, ಜಾಬ್ ವರ್ಕ್. ನನ್ನ ಇಂಜಿನಿಯರಿಂಗ್ ಫೀಸು ಆ ಎರಡು ಲೇತಿನಿಂದಲೇ ಬಂದದ್ದು. ಈಗ ಒಂದು ಓಡುತ್ತೆ, ಇನ್ನೊಂದಕ್ಕೆ ಆಯುಧಪೂಜೆಯಲ್ಲಿ ಮಾತ್ರ ಕುಂಕುಮ. "ಎಸ್.ಪಿ. ರೋಡಲ್ಲಿ ಚೀನಾ ಬುಶ್ ಸಿಗೋ ರೇಟಿಗೆ ನಂಗೆ ಹಿತ್ತಾಳೆ ರಾಡೂ ಬರಲ್ಲ" ಅನ್ನೋದು ಮನೆಯಲ್ಲಿ ವಾರಕ್ಕೊಮ್ಮೆ ಕೇಳೋ ಮಾತು. ಅಜ್ಜಿಯರ ಡ್ಯಾನ್ಸ್, ಸ್ಕೂಟರ್ ಹುಡುಗ ಎಲ್ಲಕ್ಕೂ "ಹ್ಞೂ, ಚೆನ್ನಾಗಿದೆ" ಅಂದ್ರು. ಲೇತ್ ಫೋಟೋ ಬಂತು.

"ನಿಲ್ಸು. ದೊಡ್ಡದು ಮಾಡು."

ನಾನು ಫೋಕಸ್ ಮಾಡಿದ್ದು ಕಣ್ಣಿಗೆ. ಕಿಟಕಿ ಬೆಳಕು ಕೆನ್ನೆ ಮೇಲೆ ಬಿದ್ದು ಮುಖ ಬಹಳ ಚೆನ್ನಾಗಿ ಬಂದಿತ್ತು. ಅಪ್ಪ ಮುಖದ ಕಡೆ ನೋಡಲೇ ಇಲ್ಲ. "ಚಕ್‌ಗೆ ಗಾರ್ಡ್ ಹಾಕಿಲ್ಲ. ಟೂಲ್ ತಾನೇ ಗ್ರೈಂಡ್ ಮಾಡ್ಕೊಂಡಿದ್ದಾನೆ, ಒಳ್ಳೆ ಕೈ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಡಗೈ ತೋರ್ಬೆರಳು ನೋಡ್ದ್ಯಾ? ಮೇಲಿನ ಗೆಣ್ಣು ಇಲ್ಲ. ಮೊದಲು ಪ್ರೆಸ್ಸಲ್ಲಿ ಕೆಲಸ ಮಾಡಿರ್ತಾನೆ." ನಮ್ಮ ರೋಡಿನ ಟೀ ಅಂಗಡಿ ಮುಂದೆ ಬೆಳಿಗ್ಗೆ ನಿಂತ್ರೆ ಅಂಥ ಕೈ ಮೂರಾದ್ರೂ ಕಾಣುತ್ತೆ, ಗ್ಲಾಸು ಹಿಡಿಯೋ ರೀತಿಯಲ್ಲೇ ಗೊತ್ತಾಗುತ್ತೆ.

"ದಿನಕ್ಕೆ ಎಷ್ಟು ಪೀಸ್ ಮಾಡ್ತಾನಂತೆ?"

"ಭಾಷೆ ಬರಲ್ವಲ್ಲಪ್ಪಾ."

"ಇವನೂ ಬಾಡಿಗೆ ಶೆಡ್ಡಿನವನೇ ಕಣೋ" ಅಂದ್ರು ಅಪ್ಪ.

ಇಟಲಿಯ ನಿರ್ದೇಶಕ ಅಂತೋನಿಯೋನಿ 1972ರಲ್ಲಿ ಚೀನಾ ಸರ್ಕಾರವೇ ಕರೆದಿದ್ದಕ್ಕೆ ಹೋಗಿ, ಅಲ್ಲಿನ ಸಾಮಾನ್ಯ ಜನರ ದಿನಚರಿಯ ಮೇಲೆ ‘ಚುಂಗ್ ಕುವೊ’ ಅಂತ ಮೂರೂವರೆ ಗಂಟೆಯ ಸಾಕ್ಷ್ಯಚಿತ್ರ ಮಾಡಿದ. 1974ರಲ್ಲಿ ‘ಪೀಪಲ್ಸ್ ಡೈಲಿ’ ಪತ್ರಿಕೆ ಅದನ್ನು ಉಗಿದು ಉಪ್ಪಿನಕಾಯಿ ಹಾಕಿತು. ಒಂದು ದೂರು ಏನು ಗೊತ್ತಾ? ನಾನ್‌ಜಿಂಗ್‌ನ ಭವ್ಯ ಸೇತುವೆ ತೋರಿಸೋವಾಗ ಕೆಳಗೆ ಒಣಗಲು ಹಾಕಿದ್ದ ಪ್ಯಾಂಟು ತೋರಿಸಿದ್ದಾನೆ ಅಂತ! ಬೀಜಿಂಗ್‌ನಲ್ಲಿ ಅದರ ಪ್ರದರ್ಶನ ಆಗಿದ್ದು 2004ರಲ್ಲಿ. ಮೊದಲು ಇದನ್ನು ಓದಿ ನಕ್ಕಿದ್ದೆ. ಆದ್ರೆ ನಮ್ಮ ಏರಿಯಾಗೆ ಯಾರಾದ್ರೂ ಕ್ಯಾಮೆರಾ ಹಿಡಿದು ಬಂದ್ರೆ ತೆಗೆಯೋದು ವೃಷಭಾವತಿಯ ನೊರೆಯನ್ನೇ. ಶೆಡ್ಡಿನವರು ಕೇಳೋದೂ ಒಂದೇ: "ಕಾರ್ಪೊರೇಷನ್ನವರಾ, ಪೊಲ್ಯೂಷನ್ ಬೋರ್ಡಿನವರಾ?" ಕ್ಯಾಮೆರಾ ಅಂದ್ರೆ ನೋಟಿಸು ಅಂತಲೇ ಲೆಕ್ಕ. ಅವರ ಸಿಟ್ಟು ಸುಳ್ಳು ಅಂತ ಈಗ ಹೇಳಲಾರೆ.

ಮಾಗಡಿ ರೋಡಿನ ಸ್ಟುಡಿಯೋದಲ್ಲಿ ಎರಡು ಪ್ರಿಂಟ್ ಹಾಕಿಸಿದೆ. ನನ್ನ ಟೀಮಿನ ಹುಡುಗ ಮುಂದಿನ ಮಂಗಳವಾರ ಶೆನ್‌ಜೆನ್‌ಗೆ ಹೊರಡ್ತಾನೆ, ಅದೇ ಹೋಟೆಲ್. ಅಡ್ರೆಸ್ ಬದಲಿಗೆ ಅಂಗಡಿ ಬೋರ್ಡಿನ ಫೋಟೋ ಕೊಟ್ಟಿದ್ದೀನಿ. ಅಪ್ಪನೂ ಒಂದು ಚೀಟಿ ಕೊಟ್ರು. ಮೇಲೆ ಒಂದು ಬುಶ್ ಚಿತ್ರ, ಒಳಗಿನ ಹೊರಗಿನ ಅಳತೆ ಮಿಲಿಮೀಟರಿನಲ್ಲಿ. ಕೆಳಗೆ ಪ್ರಶ್ನೆಗಳು: ಈ ಸೈಜಿಗೆ ಪೀಸಿಗೆ ಎಷ್ಟು ತಗೋತೀರಿ, ಹಿತ್ತಾಳೆ ಕೆಜಿಗೆ ಎಷ್ಟು, ಶೆಡ್ಡಿಗೆ ಬಾಡಿಗೆ ಎಷ್ಟು. ಇದನ್ನು ಚೈನೀಸ್ ಮಾಡಿಸೋದು ನನ್ನ ಕೆಲಸ.

ನಾಲ್ಕನೇ ಪ್ರಶ್ನೆಯೂ ಒಂದಿತ್ತು, ಬೆರಳಿನ ಬಗ್ಗೆ. ಅದನ್ನು ಅಪ್ಪನೇ ಹೊಡೆದುಹಾಕಿದ್ದರು.