ಹುಕ್ಕಿನ ಮೇಲಿನ ಭಾರ

2 ಜೂನ್ 2025, ಸೋಮವಾರ, ತೆಂಗಿನಗುಂಡಿ

ನಿನ್ನೆಯಿಂದ ಯಾಂತ್ರಿಕ ಬೋಟುಗಳಿಗೆ ರಜೆ, ಇನ್ನು ಜುಲೈ 31ರವರೆಗೆ ಹೀಗೇ. ಬಂದರಿನಲ್ಲಿ ಬಲೆ ಹೆಣೆಯುವವರಿಗಷ್ಟೇ ಕೆಲಸ. ಕ್ಯಾಲ್ಗರಿಯಿಂದ ಅಳಿಯಂದಿರ ಫೋನು ಬಂದಾಗ ನನಗೂ ಪುರುಸೊತ್ತಿತ್ತು. ಕಾರಿನ ಹಿಂದೆ ಕಟ್ಟಿ ಎಳೆಯುವ ಸಣ್ಣ ಟ್ರೈಲರ್ ಮನೆ ಕೊಂಡಿದ್ದಾರಂತೆ. ಒಳಗೆ ಹಾಸಿಗೆ, ಒಲೆ, ಶೌಚಾಲಯ ಎಲ್ಲ ಇದೆ. ಬ್ಯಾನ್ಫ್ ಬೆಟ್ಟಗಳ ಕಡೆ ಹೋಗುವ ಆಸೆ.

"ಮಾವ, ಅಂಗಡಿಯವ ವೆಯಿಟ್ ಡಿಸ್ಟ್ರಿಬ್ಯೂಷನ್ ಹಿಚ್ ಹಾಕಿಸಿ ಅಂತಾನೆ. ನೀವು ಟ್ರ್ಯಾಕ್ಟರ್ ಹುಕ್ಕು ವೆಲ್ಡ್ ಮಾಡ್ತಾನೇ ಬಂದವರು. ನಿಜಕ್ಕೂ ಬೇಕಾ?"

ಭಟ್ಕಳದ ಗ್ಯಾರೇಜಿನಲ್ಲಿ ಅದನ್ನು ಯಾರೂ ನನ್ನ ಹತ್ತಿರ ಕೇಳಿದ್ದಿಲ್ಲ. ಆದರೆ ಅದು ಯಾವ ರೋಗಕ್ಕೆ ಮದ್ದು ಎಂಬುದು ಚಿರೆಕಲ್ಲು ಹೇರುವ ಯಾವ ಡ್ರೈವರನಿಗೂ ಗೊತ್ತು. ಎರಡು ಚಕ್ರದ ಟ್ರೈಲರಿನಲ್ಲಿ ಕಲ್ಲನ್ನೆಲ್ಲ ಮುಂದಕ್ಕೆ ಜೋಡಿಸಿದರೆ ಏರಿನಲ್ಲಿ ಟ್ರ್ಯಾಕ್ಟರಿನ ಮುಂದಿನ ಚಕ್ರ ನೆಲ ಬಿಡುತ್ತದೆ. ಸ್ಟೇರಿಂಗ್ ತಿರುಗಿಸಿದರೂ ಗಾಡಿ ನೇರ ಹೋಗುತ್ತದೆ. ಹಿಂದಕ್ಕೆ ಜೋಡಿಸಿದರೋ, ಟ್ರೈಲರ್ ಬಾಲ ಬೀಸಲು ಶುರು.

8 ಜೂನ್, ಭಾನುವಾರ

ಮಳೆ ಬಿಟ್ಟಿಲ್ಲ. ಅಳಿಯಂದಿರು ಕಳಿಸಿದ ಅಳತೆ ಇಟ್ಟುಕೊಂಡು ಲೆಕ್ಕಕ್ಕೆ ಕೂತೆ. ಕಾರಿನ ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 2.8 ಮೀಟರ್. ಹಿಂದಿನ ಚಕ್ರದಿಂದ ಹಿಚ್ಚಿನ ಗುಂಡಿಗೆ 1.2 ಮೀಟರ್. ಗುಂಡಿನ ಮೇಲೆ 210 ಕೆಜಿ ಕೂತರೆ, ಹಾರೆಯಿಂದ ಕಲ್ಲು ಮೀಟಿದ ಹಾಗೆ, ಮುಂದಿನ ಚಕ್ರಗಳಿಂದ 90 ಕೆಜಿ ಎದ್ದುಬಿಡುತ್ತದೆ. ಹಿಂದಿನ ಚಕ್ರಗಳಿಗೆ ಬೀಳುವುದು 210 ಅಲ್ಲ, 300. ಮುಂದಿನ ಬ್ರೇಕಿಗೆ ಹಿಡಿತ ಕಮ್ಮಿ, ರಾತ್ರಿ ಹೆಡ್‌ಲೈಟು ಎದುರು ಬರುವವರ ಕಣ್ಣಿಗೆ.

ಈ ಹಿಚ್ಚು ಮಾಡುವುದು ಇಷ್ಟೇ. ಅದರ ತಲೆಯಿಂದ ಸ್ಪ್ರಿಂಗ್ ಉಕ್ಕಿನ ಎರಡು ಸರಳುಗಳು ಹಿಂದಕ್ಕೆ, ಟ್ರೈಲರಿನ ಮೂಗಿನ ಅಡಿಗೆ ಚಾಚಿರುತ್ತವೆ. ತುದಿಗಳನ್ನು ಸರಪಳಿಯಿಂದ ಮೇಲಕ್ಕೆ ಬಿಗಿದರೆ ಸರಳು ಬಾಗುತ್ತದೆ. ಆ ಬಿಗಿಗೆ ಕಾರಿನ ಹಿಂಭಾಗ ಏಳುತ್ತದೆ, ಮುಂದಿನ ಚಕ್ರ ಮತ್ತೆ ನೆಲ ಕಚ್ಚುತ್ತದೆ, ಒಂದಿಷ್ಟು ಭಾರ ಟ್ರೈಲರಿನ ಚಕ್ರಕ್ಕೂ ಹೋಗುತ್ತದೆ. ಕಾರಿನ ಎಳೆಯುವ ತಾಕತ್ತು ಮಾತ್ರ ಇದರಿಂದ ಒಂದು ಕೆಜಿಯಷ್ಟೂ ಹೆಚ್ಚುವುದಿಲ್ಲ. ಅಂಗಡಿಯವ ಅದನ್ನು ಹೇಳಿಲ್ಲವಂತೆ!

14 ಜೂನ್, ಶನಿವಾರ

210 ಎಂದು ನಾನು ಹಿಡಿದದ್ದು ಅಂದಾಜು. ಕ್ಯಾಟಲಾಗಿನಲ್ಲಿರುವುದು 135. ಅದು ಖಾಲಿ ಟ್ರೈಲರಿನ ಲೆಕ್ಕ. ಗ್ಯಾಸ್ ಸಿಲಿಂಡರು, ಬ್ಯಾಟರಿ ಎರಡೂ ಕೂರುವುದು ಮೂಗಿನ ಮೇಲೇ, ನೀರಿನ ಟ್ಯಾಂಕು ಮುಂದಿನ ಹಾಸಿಗೆಯ ಅಡಿಗೆ. ನೂರು ಲೀಟರ್ ತುಂಬಿದರೆ ನೂರು ಕೆಜಿ. "ಪ್ರವಾಸಕ್ಕೆ ಹೊರಟ ಹಾಗೇ ತುಂಬಿ, ಆಮೇಲೆ ತೂಗಿ" ಎಂದಿದ್ದೆ.

ಸ್ನಾನದ ಮನೆಯ ತೂಕದ ಯಂತ್ರದಲ್ಲೇ ತೂಗುವ ಉಪಾಯ ಹೇಳಿಕೊಟ್ಟೆ. ಗಟ್ಟಿ ಹಲಗೆಯ ಒಂದು ತುದಿ ಇಟ್ಟಿಗೆಯ ಮೇಲೆ, ಇನ್ನೊಂದು ತುದಿ ಯಂತ್ರದ ಮೇಲೆ. ನಡುವೆ ಮೂರಡಿ. ಇಟ್ಟಿಗೆಯಿಂದ ಒಂದಡಿಗೆ ಸರಿಯಾಗಿ ಟ್ರೈಲರಿನ ಮೂಗು ಇಳಿಸಬೇಕು. ಯಂತ್ರ ತೋರಿಸಿದ್ದನ್ನು ಮೂರರಿಂದ ಗುಣಿಸಬೇಕು. ವಿಡಿಯೊದಲ್ಲಿ ಮುಳ್ಳು ಅಲುಗಾಡಿ 70ಕ್ಕೆ ನಿಂತಿತು. ಅಂದಾಜು ತಪ್ಪಲಿಲ್ಲ. ಅಲ್ಲಿನ ವೇಬ್ರಿಜ್‌ನಲ್ಲಿ ಇಡೀ ಟ್ರೈಲರ್ 1,600 ಕೆಜಿ ಬಂತು. ಮೂಗಿನ ಮೇಲೆ ನೂರಕ್ಕೆ ಹದಿಮೂರು ಪಾಲು; ಹತ್ತರಿಂದ ಹದಿನೈದರ ಒಳಗಿದ್ದರೆ ಒಳ್ಳೆಯದು. ಹತ್ತಕ್ಕಿಂತ ಕೆಳಗಿಳಿದಿದ್ದರೆ ಯಾವ ಹಿಚ್ಚೂ ಬೇಡ, ಮೊದಲು ಸಾಮಾನು ಸರಿಸಿ ಅನ್ನುತ್ತಿದ್ದೆ.

21 ಜೂನ್, ಶನಿವಾರ

ಅಂಗಡಿಯವ 1,000 ಪೌಂಡಿನ ಸರಳು ಹಾಕಿಸಿ, ದೊಡ್ಡದಿದ್ದಷ್ಟೂ ಭದ್ರ ಎಂದನಂತೆ. ನಾನು ಒಪ್ಪಲಿಲ್ಲ. ಬಾಗದ ಸರಳು ಸ್ಪ್ರಿಂಗೇ ಅಲ್ಲ. ರಸ್ತೆಯ ಒಂದೊಂದು ಕುಲುಕನ್ನೂ ಟ್ರೈಲರಿನ ಚಾಸಿಗೆ ದಾಟಿಸುತ್ತದೆ. ಮೂಗಿನ 210 ಕೆಜಿ, ಕಾರಿನ ಡಿಕ್ಕಿಯಲ್ಲಿ ಹಿಂದಿನ ಚಕ್ರದ ಆಚೆ ಇಡುವ ಸಾಮಾನು ಐವತ್ತು ಎಂದಿಟ್ಟುಕೊಂಡರೂ 260. ಆರುನೂರು ಪೌಂಡಿನ ಸರಳು 272 ಕೆಜಿ ತಡೆಯುತ್ತದೆ. ಅದೇ ಸಾಕು.

ದುಡ್ಡು ಕೊಡುವ ಮೊದಲು ಕಾರಿನ ಪುಸ್ತಕ ಓದಿಸಿದೆ. ಇಂಥ ಹಿಚ್ ಬಳಸಲೇಬಾರದು ಎನ್ನುವ ಕಾರು ಕಂಪನಿಗಳೂ ಇವೆ. ಇವರ ಪುಸ್ತಕ ಬಳಸಬಹುದು ಎನ್ನುತ್ತದೆ, ಮೂಗಿನ ಭಾರಕ್ಕೆ 227 ಕೆಜಿ ಮಿತಿ. ಉಳಿದ ಹದಿನೇಳು ಕೆಜಿಯಲ್ಲಿ ಹೆಚ್ಚೇನೂ ಹಿಡಿಯುವುದಿಲ್ಲ ಎಂದು ಎಚ್ಚರಿಸಿದ್ದೇನೆ.

ಬಾಲ ಬೀಸುವುದನ್ನು ತಡೆಯಲು ಎರಡು ದಾರಿ. ಪಕ್ಕಕ್ಕೆ ಬೇರೆಯೇ ಒಂದು ಉಜ್ಜುವ ಪಟ್ಟಿ ಕೂರಿಸುವುದು ಅಗ್ಗ, ಆದರೆ ರಿವರ್ಸ್ ತೆಗೆಯುವ ಮೊದಲು ಪ್ರತಿ ಸಲ ಇಳಿದು ಬಿಚ್ಚಬೇಕು. ಇನ್ನೊಂದರಲ್ಲಿ ಭಾರ ಹಂಚುವ ಸರಳುಗಳೇ ಬ್ರಾಕೆಟ್ಟಿನ ಮೇಲೆ ಉಜ್ಜಿಕೊಂಡು ಆ ಕೆಲಸವನ್ನೂ ಮಾಡುತ್ತವೆ. ಅಳಿಯಂದಿರ ಮರೆವು ನನಗೆ ಗೊತ್ತು. ಎರಡನೆಯದನ್ನೇ ತೆಗೆದುಕೊಳ್ಳಿ ಎಂದೆ. ಮಗಳು ಹಿಂದಿನಿಂದ ನಕ್ಕಳು.

29 ಜೂನ್, ಭಾನುವಾರ

ಹಿಚ್ ಕೂರಿಸಿದ್ದಾಯಿತು. ಮುಂದಿನ ಚಕ್ರದ ಮೇಲಿನ ಮಡ್‌ಗಾರ್ಡ್ ಅಂಚಿಗೆ ನೆಲದಿಂದ ಟೇಪು ಹಿಡಿಸಿದೆ. ಬರೀ ಕಾರು, 84 ಸೆಂಟಿಮೀಟರ್. ಸರಳು ಬಿಗಿಯದೆ ಟ್ರೈಲರ್ ಕಟ್ಟಿದಾಗ 87. ಬಿಗಿದ ಮೇಲೆ 85.4. ಎದ್ದದ್ದರಲ್ಲಿ ಅರ್ಧ ಇಳಿದರೆ ಸಾಕು ಎಂದು ಇವರ ಪುಸ್ತಕದಲ್ಲೇ ಇದೆ. ಪೂರಾ 84ಕ್ಕೆ ತರುತ್ತೇನೆ ಎಂದು ಅಳಿಯಂದಿರು ಹೊರಟಿದ್ದರು, ತಡೆದೆ. ಅತಿಯಾಗಿ ಬಿಗಿದರೆ ಹಿಂದಿನ ಚಕ್ರ ಹಗುರಾಗಿ ಒದ್ದೆ ರಸ್ತೆಯಲ್ಲಿ ಜಾರುತ್ತದೆ.

ಮಗಳದು ಬೇರೆ ಚಿಂತೆ. "ಅಪ್ಪ, ಕುಚ್ಚಲಕ್ಕಿ ಚೀಲ ಎಲ್ಲಿಡ್ಲಿ? ಹಿಂದಿನ ಡಬ್ಬಿಲಿ ಜಾಗ ಇತ್ತು."

ಹಿಂದೆ ಬೇಡ ಮಾರಾಯ್ತಿ, ಚಕ್ರದ ನೇರಕ್ಕೆ ಇಡು ಎಂದೆ. ಚಕ್ರದ ನೇರಕ್ಕೆ ಇರುವುದು ಶೌಚಾಲಯವಂತೆ. ಮಾತು ಸದ್ಯಕ್ಕೆ ಅಲ್ಲಿಗೇ ನಿಂತಿದೆ.