ಗನ್ ಸಿಡಿಯುವ ಮುಂಚೆ ಒಂದು ಅಂಕಿ

ಓಟ ಶುರುವಾಗುವ ಮೊದಲೇ ಗೆಲ್ಲುವವರ ಹೆಸರು ಹೇಳುವವರು ಬೀದಿಗೆ ಹತ್ತು ಜನ ಸಿಗುತ್ತಾರೆ. ನನಗೆ ಅದರಲ್ಲಿ ರುಚಿಯಿಲ್ಲ. ಯಾರಾದರೂ ಗೆಲ್ಲಲಿ, ಎಷ್ಟು ಹೊತ್ತಿನಲ್ಲಿ ಗೆಲ್ಲುತ್ತಾರೆ ಹೇಳಿ ನೋಡೋಣ! 800 ಅಥವಾ 1500 ಮೀಟರ್ ಫೈನಲ್ ಇದ್ದ ದಿನ ಹಳೇ ಕ್ಯಾಲೆಂಡರಿನ ಹಾಳೆ ಹರಿದು, ಅದರ ಬೆನ್ನಿಗೆ ಒಂದು ಸಮಯ ಬರೆದಿಟ್ಟು ಟಿವಿ ಮುಂದೆ ಕೂರುವುದು ನನ್ನ ಚಟ. ಯುರೋಪಿನ ಸಂಜೆಯ ಓಟವೆಂದರೆ ನಮಗೆ ನಡುರಾತ್ರಿ. ಮನೆಯವರೆಲ್ಲ ಮಲಗಿರುತ್ತಾರೆ, ಟಿವಿಗೆ ದನಿ ಇರುವುದಿಲ್ಲ. ಮೂರೂವರೆ ನಿಮಿಷದ ಓಟಕ್ಕೆ ಇಷ್ಟೆಲ್ಲ ಯಾಕೆ ಎಂದು ಕೇಳಿದವರಿಗೆ ಉತ್ತರ ಕೊಡುವುದನ್ನು ಬಿಟ್ಟಿದ್ದೇನೆ.

ನೂರು ಮೀಟರ್ ಓಟದಲ್ಲಿ ಈ ಆಟ ಸಪ್ಪೆ. ಎಲ್ಲರೂ ಅವರವರ ಲೇನಿನಲ್ಲಿ ಇದ್ದ ಶಕ್ತಿಯನ್ನೆಲ್ಲ ಸುರಿದು ಓಡುತ್ತಾರೆ. 9.8ರ ಆಸುಪಾಸು ಬರೆದರೆ ಮುಗಿಯಿತು. ಮಧ್ಯಮ ದೂರದ ಓಟದ ಗಮ್ಮತ್ತೇ ಬೇರೆ. ಅಲ್ಲಿ ಒಬ್ಬನ ಕಾಲಿಗೆ ಇನ್ನೊಬ್ಬನ ತಲೆ ಲಗಾಮು ಹಾಕುತ್ತದೆ.

ನನ್ನ ಸೋದರಳಿಯ ಇಂಜಿನಿಯರಿಂಗ್ ಓದಿದವನು. ಓಟಗಾರರ ಆ ವರ್ಷದ ಒಳ್ಳೆಯ ಸಮಯಗಳನ್ನೆಲ್ಲ ಕಂಪ್ಯೂಟರಿಗೆ ತುಂಬಿ ಸರಾಸರಿ ತೆಗೆಯುತ್ತಾನೆ. ‘ಮಾವ, ಇದರಲ್ಲಿ ಊಹೆ ಮಾಡೋಕೆ ಏನಿದೆ? 800 ಮೀಟರ್ ದಾಟಿದ ಸಮಯಾನ 15ರಿಂದ ಗುಣಿಸಿ 8ರಿಂದ ಭಾಗಿಸಿ, 1500ರದ್ದು ಬಂತು’ ಅನ್ನುತ್ತಾನೆ. ಅವನ ಗಣಿತದಲ್ಲಿ ತಪ್ಪಿಲ್ಲ. ಆದರೆ ಅದೇ ಗಣಿತವನ್ನು ಎರಡು ಒಲಿಂಪಿಕ್ಸ್‌ಗಳ ಮೇಲೆ ಹಾಕಿ ನೋಡಿ.

2016ರ ರಿಯೊ. 1500 ಮೀಟರ್ ಫೈನಲ್‌ನ ಮೊದಲ ಸುತ್ತು 66.83 ಸೆಕೆಂಡ್. ಕಾಲೇಜು ಹುಡುಗರು ಸಲೀಸಾಗಿ ಓಡುವ ವೇಗ. ಎರಡನೆಯ ಸುತ್ತು ಅದಕ್ಕಿಂತ ನಿಧಾನ; 800 ಮೀಟರ್ ದಾಟುವಾಗ 2 ನಿಮಿಷ 16.59 ಸೆಕೆಂಡ್. ಅಳಿಯನ ಲೆಕ್ಕದಲ್ಲಿ ಓಟ ಮುಗಿಯಬೇಕಾದದ್ದು 4 ನಿಮಿಷ 16ಕ್ಕೆ. ಅಮೆರಿಕದ ಮ್ಯಾಥ್ಯೂ ಸೆಂಟ್ರೊವಿಟ್ಜ್ ಗೆದ್ದದ್ದು ಸರಿಯಾಗಿ 3 ನಿಮಿಷ 50.00ಕ್ಕೆ. ಇಪ್ಪತ್ತಾರು ಸೆಕೆಂಡ್ ವ್ಯತ್ಯಾಸ! 1932ರ ನಂತರ ಒಲಿಂಪಿಕ್ಸ್‌ನಲ್ಲಿ ಇಷ್ಟು ನಿಧಾನದ ಚಿನ್ನ ಇರಲಿಲ್ಲ. ಮುಂದಿನ ತಿಂಗಳು ಅದೇ ಊರಿನ ಪ್ಯಾರಾಲಿಂಪಿಕ್ಸ್‌ನಲ್ಲಿ, ದೃಷ್ಟಿದೋಷವುಳ್ಳವರ ವಿಭಾಗದಲ್ಲಿ ಅಲ್ಜೀರಿಯಾದ ಅಬ್ದೆಲತೀಫ್ ಬಾಕಾ 3 ನಿಮಿಷ 48.29ಕ್ಕೆ ಓಡಿ ಮುಗಿಸಿದರು.

ಇನ್ನು 2024ರ ಪ್ಯಾರಿಸ್. ನಾರ್ವೆಯ ಯಾಕೊಬ್ ಇಂಗೆಬ್ರಿಗ್ಟ್‌ಸೆನ್ ಮೊದಲ ಸುತ್ತನ್ನೇ 55 ಸೆಕೆಂಡಿನೊಳಗೆ ಎಳೆದರು. 800 ಮೀಟರ್ ದಾಟುವಾಗ 1 ನಿಮಿಷ 51 ಚಿಲ್ಲರೆ. ಅಳಿಯನ ಲೆಕ್ಕ ಹೇಳುವುದು ಸುಮಾರು 3 ನಿಮಿಷ 28.8, ಅಮೆರಿಕದ ಕೋಲ್ ಹಾಕರ್ ಗೆದ್ದದ್ದು 3 ನಿಮಿಷ 27.65ಕ್ಕೆ. ಇಲ್ಲಿ ಗಣಿತ ಹೆಚ್ಚುಕಡಿಮೆ ಕೂಡಿ ಬಂತು. ತಮಾಷೆ ಇರುವುದು ಕೊನೆಯ 700 ಮೀಟರಿನಲ್ಲಿ. ಮುಂಚೂಣಿಯ ಗಡಿಯಾರ ಹಿಡಿದು ಕಳೆದು ನೋಡಿ: ಪ್ಯಾರಿಸ್‌ನಲ್ಲಿ 96 ಸೆಕೆಂಡಿಗಿಂತ ಹೆಚ್ಚು, ರಿಯೊದಲ್ಲಿ 93.41. ‘ನಿಧಾನದ ಓಟ’ ಎಂದು ಎಲ್ಲರೂ ಮೂಗು ಮುರಿದ ಆ ಫೈನಲ್‌ನ ಕೊನೆಯ ಭಾಗ ಪ್ಯಾರಿಸ್‌ನ ಒಲಿಂಪಿಕ್ ದಾಖಲೆಯ ಓಟಕ್ಕಿಂತ ಬಿರುಸಾಗಿತ್ತು. ಕೊನೆಯ ಸುತ್ತನ್ನು ಸೆಂಟ್ರೊವಿಟ್ಜ್ 51 ಸೆಕೆಂಡಿನೊಳಗೆ ಮುಗಿಸಿದ್ದರು. ಕಾಲುಗಳಲ್ಲಿ ದಮ್ಮಿಗೇನೂ ಕೊರತೆ ಇರಲಿಲ್ಲ. ಮುಂದೆ ಹೋಗಿ ಗಾಳಿ ಸೀಳುವ ಕೂಲಿ ಕೆಲಸ ಯಾರಿಗೂ ಬೇಡವಾಗಿತ್ತು, ಅಷ್ಟೆ.

ಹಾಗಾಗಿ ನಾನು ಸರಾಸರಿ ನೋಡುವುದಿಲ್ಲ. ಸ್ಟಾರ್ಟ್ ಲಿಸ್ಟ್ ಬಂದೊಡನೆ ಹುಡುಕುವುದು ಒಂದನ್ನೇ: ಈ ಹನ್ನೆರಡು ಜನರಲ್ಲಿ ಕೊನೆಯ 200 ಮೀಟರಿಗೆ ಹೆದರುವವರು ಯಾರು? ಇಂಗೆಬ್ರಿಗ್ಟ್‌ಸೆನ್‌ಗೆ 2022ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಜೇಕ್ ವೈಟ್‌ಮನ್, 2023ರಲ್ಲಿ ಜೋಶ್ ಕೆರ್, ಇಬ್ಬರು ಬ್ರಿಟಿಷರು ಅದೇ ಜಾಗದಲ್ಲಿ ಪೆಟ್ಟು ಕೊಟ್ಟಿದ್ದರು. ಅಂಥವರು ಮೂರನೆಯ ಸಲ ಕಾಯುವುದಿಲ್ಲ. ಮೊದಲಿನಿಂದಲೇ ಎಲ್ಲರ ಉಸಿರು ಕಟ್ಟಿಸುತ್ತಾರೆ. ಪ್ಯಾರಿಸ್‌ನ ಓಟ 3 ನಿಮಿಷ 28ರ ಸುತ್ತ ಮುಗಿಯುತ್ತದೆ ಎನ್ನಲು ಇಷ್ಟು ಸಾಕಿತ್ತು. ಹಾಕರ್ ಗೆಲ್ಲುತ್ತಾರೆ ಎಂದು ಕನಸಿನಲ್ಲೂ ಅನಿಸಿರಲಿಲ್ಲ. ಅಲ್ಲಿಯವರೆಗೆ ಅವರ ಅತ್ಯುತ್ತಮ ಸಮಯ 3 ನಿಮಿಷ 30.59. ಒಳಗಿನ ಅಂಚಿನಲ್ಲಿ ನುಗ್ಗಲು ಹೋಗಿ ದಾರಿ ಸಿಗದೆ ಹಿಂದೆ ಸರಿದು, ಮತ್ತೆ ಅದೇ ಸಂದಿಯಲ್ಲಿ ತೂರಿ ಬಂದರು. ಇಂಗೆಬ್ರಿಗ್ಟ್‌ಸೆನ್ 3 ನಿಮಿಷ 28.24ಕ್ಕೆ ನಾಲ್ಕನೆಯವರು. ಟೋಕಿಯೊದಲ್ಲಿ ತಾವೇ ಬರೆದ ಒಲಿಂಪಿಕ್ ದಾಖಲೆಗಿಂತ ಚುರುಕಾಗಿ ಓಡಿಯೂ ಬರಿಗೈ!

800 ಮೀಟರಿನಲ್ಲಿ ಲೆಕ್ಕ ಕೊಂಚ ಸುಲಭ, ಏಕೆಂದರೆ ಅಲ್ಲಿ ಮೊದಲ ಸುತ್ತೇ ಎಲ್ಲವನ್ನೂ ಬಾಯಿಬಿಡುತ್ತದೆ. ಎರಡನೆಯ ಸುತ್ತು ಸಾಮಾನ್ಯವಾಗಿ ಒಂದೆರಡು ಸೆಕೆಂಡ್ ಜಾಸ್ತಿ. 2012ರ ಲಂಡನ್‌ನಲ್ಲಿ ಡೇವಿಡ್ ರುಡಿಷಾ ಮೊದಲ ಸುತ್ತನ್ನು 49.28ಕ್ಕೆ ಮುಗಿಸಿದಾಗಲೇ ವಿಶ್ವದಾಖಲೆಯ ವಾಸನೆ ಬಡಿದಿತ್ತು. 1 ನಿಮಿಷ 40.91! ಎಂಟನೆಯವರಾಗಿ ಕೊನೆಗೆ ಬಂದ ಆಂಡ್ರ್ಯೂ ಒಸಾಗಿಯ 1 ನಿಮಿಷ 43.77 ಅದರ ಹಿಂದಿನ ಮೂರೂ ಒಲಿಂಪಿಕ್ಸ್‌ಗಳಲ್ಲಿ ಚಿನ್ನ ತರುತ್ತಿತ್ತು. ಮುಂದಿರುವ ಒಬ್ಬರು ಉಳಿದ ಏಳು ಜನರ ಸಮಯವನ್ನೂ ಬರೆಯುತ್ತಾರೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ನಮ್ಮವರದ್ದೂ ಒಂದಿದೆ. 1976ರ ಮಾಂಟ್ರಿಯಲ್ ಫೈನಲ್‌ನಲ್ಲಿ ಮೊದಲ ಸುತ್ತು ಮುಂದಿದ್ದದ್ದು ಶ್ರೀರಾಮ್ ಸಿಂಗ್. ಕ್ಯೂಬಾದ ಅಲ್ಬರ್ಟೊ ಹುವಾಂಟೊರೆನಾ 1 ನಿಮಿಷ 43.50ರ ವಿಶ್ವದಾಖಲೆ ಮಾಡಿದರು. ಶ್ರೀರಾಮ್ ಏಳನೆಯವರಾದರೂ ಅವರ 1 ನಿಮಿಷ 45.77 ಭಾರತದ ದಾಖಲೆಯಾಗಿ 42 ವರ್ಷ ಅಲುಗಲಿಲ್ಲ. 2018ರಲ್ಲಿ ಜಿನ್ಸನ್ ಜಾನ್ಸನ್ ಮುರಿಯಬೇಕಾಯಿತು.

ಈಗಿನ ಡೈಮಂಡ್ ಲೀಗ್ ಕೂಟಗಳ ಮೇಲೆ ನನಗೊಂದು ತಕರಾರಿದೆ. ಟ್ರ್ಯಾಕಿನ ಒಳ ಅಂಚಿನುದ್ದಕ್ಕೂ ದೀಪಗಳು, ಮುಂದೆ ವೇಗ ಹಿಡಿದುಕೊಡಲು ಸಂಬಳದ ಪೇಸರ್. ನಿಗದಿಯಾದ ವೇಗಕ್ಕೆ ದೀಪ ಓಡುತ್ತದೆ, ಅದರ ಹಿಂದೆ ಓಟಗಾರರು. ದಾಖಲೆಗಳು ಬೀಳುತ್ತವೆ, ಸಂತೋಷ. ಆದರೆ ಉತ್ತರವನ್ನು ಪ್ರಶ್ನೆಪತ್ರಿಕೆಯಲ್ಲೇ ಅಚ್ಚು ಹಾಕಿದ ಪರೀಕ್ಷೆ ಅದು. ಒಲಿಂಪಿಕ್ಸ್, ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲಿ ಪೇಸರ್ ಇಲ್ಲ; ಅದೊಂದು ಪುಣ್ಯ. 2025ರ ಟೋಕಿಯೊ ವಿಶ್ವ ಕೂಟದಲ್ಲಿ ಮತ್ತೊಂದು ಪ್ಯಾರಿಸ್ ಆಗುತ್ತದೆ ಎಂದು ಅಳಿಯನ ಕಂಪ್ಯೂಟರ್ ಕಾದು ಕುಳಿತಿತ್ತು. ಪೋರ್ಚುಗಲ್‌ನ ಐಸಾಕ್ ನಾಡರ್ ಗೆದ್ದದ್ದು 3 ನಿಮಿಷ 34.10ಕ್ಕೆ, ಎರಡನೆಯವರಿಗಿಂತ ಕೇವಲ 0.02 ಸೆಕೆಂಡ್ ಮುಂದೆ.

2028ರ ಲಾಸ್ ಏಂಜಲೀಸ್‌ನ ಸಂಜೆಯ ಓಟಗಳು ನಮಗೆ ಬೆಳಗಿನ ಕಾಫಿ ಹೊತ್ತಿಗೆ ಸಿಗುತ್ತವೆ. ಪೇಪರ್ ಪಕ್ಕಕ್ಕಿಟ್ಟು ನೀವೂ ಒಂದು ಅಂಕಿ ಬರೆದುಕೊಳ್ಳಿ. ಸೆಕೆಂಡಿನ ನೂರನೇ ಭಾಗದವರೆಗೂ ಬರೆಯಬೇಕು. ‘ಸುಮಾರು ಮೂರೂವರೆ ನಿಮಿಷ’ ಎಂದರೆ ಲೆಕ್ಕಕ್ಕಿಲ್ಲ.